ಆರ್ಕಿಡ್ ಎಲೆಗೆ ಹತ್ತು ವರ್ಷದ ಗ್ಯಾರಂಟಿ

“ಈ ಲೋಕದಲ್ಲಿ ಬೇರು ಅನ್ನೋದು ಇರೋದೇ ಎರಡಕ್ಕೆ! ಒಂದು ಹಲ್ಲಿಗೆ, ಇನ್ನೊಂದು ಗಿಡಕ್ಕೆ. ಮೊದಲನೇದನ್ನ ಅರೆದು ಕುಡಿದವನಿಗೆ ಎರಡನೇದು ಯಾವ ಮಹಾ!”

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮುಂದೆ ಎದ್ದು ನಿಂತು ಹಲ್ಲಿನ ಡಾಕ್ಟರು ಹೀಗೆಂದು ಘೋಷಿಸಿದರು. ಸಭೆಯಲ್ಲಿದ್ದವರು ಇಬ್ಬರೇ. ಒಬ್ಬರು ಅವರ ಹೆಂಡತಿ, ಶಾಲೆಯಲ್ಲಿ ಗಣಿತದ ಟೀಚರು. ಇನ್ನೊಬ್ಬರು ಹೆಂಡತಿಯ ತಾಯಿ, ಅಂದರೆ ಡಾಕ್ಟರ ಅತ್ತೆ. ಇದೇ ಮನೆಯಲ್ಲಿದ್ದುಕೊಂಡು ಅಳಿಯನ ಸಾಹಸಗಳನ್ನು ಪುಕ್ಕಟೆಯಾಗಿ ನೋಡಿ ಆನಂದಿಸುತ್ತಿದ್ದ ಪುಣ್ಯವಂತೆ.

“ಕೂದಲಿಗೂ ಬೇರಿರುತ್ತೆ ರೀ,” ಎಂದರು ಟೀಚರು, ತಿದ್ದುತ್ತಿದ್ದ ಉತ್ತರ ಪತ್ರಿಕೆಯಿಂದ ತಲೆಯೆತ್ತಿ ಗಂಡನ ನುಣ್ಣನೆಯ ನೆತ್ತಿಯನ್ನು ನೋಡುತ್ತಾ. “ನಿಮಗೆ ಮರೆತುಹೋಗಿರಬಹುದು.”

ಡಾಕ್ಟರು ಈ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಹತ್ಕಾರ್ಯಕ್ಕೆ ಹೊರಟವರು ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆಯೆ? ಮನೆಯೊಳಗೆ ಆರ್ಕಿಡ್ ಬೆಳೆಸುವುದೆಂದು ಅವರು ತೀರ್ಮಾನಿಸಿ ಆಗಿತ್ತು.

ಅವರ ಹೆಂಡತಿಗೆ ಚಿಂತೆ ಹತ್ತಿತು. ಅದಕ್ಕೆ ಕಾರಣ ಮನೆಯ ಹಿಂಭಾಗದ ಸಣ್ಣ ರೂಮು. ಡಾಕ್ಟರ ಹುಚ್ಚುಗಳೆಲ್ಲ ಕಡೆಗೆ ಬಂದು ಬೀಳುತ್ತಿದ್ದದ್ದು ಅಲ್ಲಿಗೇ. ಮೀನಿಲ್ಲದ ಮೀನಿನ ತೊಟ್ಟಿ, ತಂತಿಯಿಲ್ಲದ ಗಿಟಾರು, ಎರಡು ವಾರ ತುಳಿಸಿಕೊಂಡು ಸುಮ್ಮನಾದ ವ್ಯಾಯಾಮದ ಸೈಕಲ್ಲು, ನಕ್ಷತ್ರ ನೋಡುತ್ತೇನೆಂದು ತಂದು ಎದುರು ಮನೆಯವರ ಬಾಯಿಗೆ ಬಿದ್ದ ಟೆಲಿಸ್ಕೋಪು. ಟೀಚರು ಬೇಡಿಕೊಂಡದ್ದು ಒಂದೇ: ಆ ರೂಮಿನಲ್ಲಿ ಒಂದು ಮೇಜು, ಒಂದು ಕುರ್ಚಿ, ಮುಚ್ಚಿಕೊಳ್ಳಲು ಒಂದು ಬಾಗಿಲು. ಊಟದ ಮೇಜಿನ ಮೇಲೆ ಪೇಪರು ತಿದ್ದಿ ತಿದ್ದಿ ಅವರಿಗೆ ಸಾಕಾಗಿತ್ತು. ಮಕ್ಕಳ ತ್ರಿಕೋನಗಳ ಮೇಲೆಲ್ಲ ಡಾಕ್ಟರ ಚಹಾ ಲೋಟದ ವೃತ್ತಗಳು ಮೂಡಿರುತ್ತಿದ್ದವು. ಆದರೆ ಕೇಳಿದಾಗಲೆಲ್ಲ ಡಾಕ್ಟರು ಎದೆ ಮುಟ್ಟಿಕೊಂಡು, “ಆ ರೂಮು ನನ್ನ ಪ್ರಾಣ ಕಣೇ!” ಎನ್ನುತ್ತಿದ್ದರು.

ಈ ಸಲ ಟೀಚರು ಪೆನ್ನು ಕೆಳಗಿಟ್ಟರು. “ಸರಿ. ಪಂದ್ಯ ಕಟ್ಟೋಣ. ಅಂಗಡಿಯಿಂದ ಬಂದಾಗ ಇರೋ ಹೂವು ಲೆಕ್ಕಕ್ಕಿಲ್ಲ. ಅದೆಲ್ಲ ಉದುರಿದ ಮೇಲೆ, ವರ್ಷ ತುಂಬೋದ್ರೊಳಗೆ, ಇದೇ ಮನೇಲಿ ಅದೇ ಗಿಡ ಮತ್ತೆ ಅರಳಬೇಕು. ಅರಳಿದ್ದನ್ನ ನೀವೇ ನನ್ನ ಕರೆದು ತೋರಿಸ್ಬೇಕು. ತೋರಿಸಿದ್ರೆ ರೂಮಿನ ಮಾತೇ ಎತ್ತಲ್ಲ. ಇಲ್ಲಾಂದ್ರೆ ರೂಮು ನನ್ನದು.”

“ಬರೆದಿಟ್ಕೋ!” ಎಂದರು ಡಾಕ್ಟರು.

“ನಾನು ಸಾಕ್ಷಿ,” ಎಂದರು ಅತ್ತೆ, ಸಂಭ್ರಮದಿಂದ.

ಹೂವಿನಂಗಡಿಯಲ್ಲಿ ಡಾಕ್ಟರು ಗಿಡಗಳನ್ನು ಸಾಲಾಗಿ ಪರೀಕ್ಷಿಸಿದರು. ಎಲೆಯನ್ನು ಉಗುರಿನಿಂದ ತಟ್ಟಿದರು, ಮೊಗ್ಗನ್ನು ಅಲುಗಾಡಿಸಿದರು. “ಜುಮ್ಮೆನ್ನುತ್ತಾ?” ಎಂದು ಗಿಡವನ್ನು ಕೇಳುವುದೊಂದು ಬಾಕಿ. ಅಂಗಡಿಯಾಕೆ, “ಹೊಸಬರಾದ್ರೆ ಮೊಗ್ಗು ಜಾಸ್ತಿ ಇರೋದು ತಗೊಳ್ಳಿ ಸಾರ್, ತುಂಬಾ ದಿನ ಬರುತ್ತೆ,” ಎಂದರೆ ಕೇಳಬೇಕಲ್ಲ! “ಮೊಗ್ಗು ಅಂದ್ರೆ ಬಾಯಿ ಮುಚ್ಕೊಂಡಿರೋ ಪೇಷೆಂಟು. ನನಗೆ ಮೂವತ್ತೆರಡೂ ಕಾಣೋ ಹಾಗೆ ನಗ್ತಿರೋದೇ ಬೇಕು,” ಎಂದು ಪೂರ್ತಿ ಅರಳಿ ನಿಂತಿದ್ದ ಬಿಳಿಯ ಹೂವಿನ ಗಿಡವನ್ನೇ ಎತ್ತಿಕೊಂಡರು. ಮನೆಗೆ ಬಂದವರು ಕಾಲಿನಿಂದ ಬಾಗಿಲು ತಳ್ಳಿದರು. ಬಾಗಿಲು ತಿರುಗಿ ಬಂದು ಗಿಡದ ದೊಡ್ಡ ಎಲೆಯೊಂದನ್ನು ಕಚ್ಚಿತು. ಎಲೆಯಲ್ಲೊಂದು ತೂತು!

“ಅಯ್ಯೋ ಪಾಪ!” ಎಂದರು ಅತ್ತೆ.

“ಪಾಪ ಯಾಕೆ? ನಾನಿಲ್ವಾ?” ಎಂದರು ಡಾಕ್ಟರು. ಕ್ಲಿನಿಕ್ಕು ಮನೆಯ ಮುಂಭಾಗದಲ್ಲೇ ಇತ್ತು. ಗಿಡವನ್ನು ರೋಗಿಯ ಕುರ್ಚಿಯಲ್ಲಿ ಕೂರಿಸಿ, ದೀಪ ಹಾಕಿ, ತೂತಿನ ಅಂಚನ್ನು ಒಣಗಿಸಿ, ಹಲ್ಲು ತುಂಬುವ ಬಿಳಿ ಸಿಮೆಂಟನ್ನು ಮೆತ್ತಿ, ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡಿದರು. ನಯಗೊಳಿಸಿದ ಮೇಲೆ ಅದು ಹಸಿರು ಎಲೆಯ ನಡುವೆ ಮುತ್ತಿನಂತೆ ಹೊಳೆಯಿತು.

“ಎಲೆ ಉದುರಬಹುದು, ಮನೆ ಬೀಳಬಹುದು. ಈ ಸಿಮೆಂಟ್ ಮಾತ್ರ ಅಲುಗಾಡಲ್ಲ. ಹತ್ತು ವರ್ಷ ಗ್ಯಾರಂಟಿ!”

ಅತ್ತೆ ತಮ್ಮ ಎಡ ದವಡೆಯನ್ನು ಹೆಮ್ಮೆಯಿಂದ ಸವರಿಕೊಂಡರು. ಅಲ್ಲಿಯೂ ಅಳಿಯನ ಸಿಮೆಂಟೇ ಇತ್ತು.

ಕೆಲವು ವಾರ ಕಳೆದ ಮೇಲೆ ಹೂವುಗಳು ಒಂದೊಂದಾಗಿ ಬಿದ್ದವು. ಡಾಕ್ಟರು ಧೃತಿಗೆಡಲಿಲ್ಲ. “ಹಾಲುಹಲ್ಲು! ಇವು ಬಿದ್ದರೇನೇ ಗಟ್ಟಿ ಹಲ್ಲು ಬರೋದು,” ಎಂದು ಮನೆಯವರಿಗೆ ಸಮಾಧಾನ ಹೇಳಿದರು. ಆಮೇಲೆ ಕುಂಡವನ್ನು ಬಗ್ಗಿ ನೋಡಿದವರೇ ಹೌಹಾರಿದರು. ಅದರಲ್ಲಿ ಮಣ್ಣೇ ಇರಲಿಲ್ಲ. ಬರೀ ಮರದ ತೊಗಟೆಯ ಚೂರು!

“ನೋಡೇ, ಆ ಅಂಗಡಿಯವಳು ಹೇಗೆ ಟೋಪಿ ಹಾಕಿದಾಳೆ! ಮಣ್ಣಿನ ಬದಲು ಕಸ ತುಂಬಿ ಕಳಿಸಿದಾಳೆ!”

“ಆರ್ಕಿಡ್‌ಗೆ ಅದೇ ಇರಬೇಕೇನೋ ರೀ. ಕೇಳಿ ನೋಡಿ.”

“ಬೇರಿನ ವಿಷ್ಯ ನಾನು ಕೇಳೋದಾ? ಇನ್ನೊಬ್ಬರನ್ನಾ?”

ಅದಕ್ಕಿಂತ ಘೋರವಾದ ದೃಶ್ಯ ಇನ್ನೊಂದಿತ್ತು. ಬೆಳ್ಳಿ ಬಣ್ಣದ ದಪ್ಪ ಬೇರುಗಳು ಕುಂಡದಿಂದ ಹೊರಗೆ ಬಂದು ಗಾಳಿಯಲ್ಲಿ ಆರಾಮವಾಗಿ ತೂಗಾಡುತ್ತಿದ್ದವು. ಗಿಡದ ಮಟ್ಟಿಗೆ ಅದು ಉಸಿರಾಟ. ಹಲ್ಲಿನ ಡಾಕ್ಟರ ಮಟ್ಟಿಗೆ ಅದು ವಸಡು ಬಿಟ್ಟು ಈಚೆಗೆ ಬಂದ ಬೇರು! ಇಂಥದ್ದನ್ನು ನೋಡಿಕೊಂಡು ಸುಮ್ಮನಿದ್ದರೆ ಗೋಡೆಯ ಮೇಲೆ ತೂಗುಹಾಕಿದ ಡಿಗ್ರಿಗೆ ಏನು ಬೆಲೆ? ಮತ್ತೆ ರೋಗಿಯ ಕುರ್ಚಿ, ಮತ್ತೆ ದೀಪ. “ಏನೂ ಇಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೆ,” ಎಂದು ಅಭ್ಯಾಸಬಲದಿಂದ ಗಿಡಕ್ಕೆ ಧೈರ್ಯ ಹೇಳಿ, ಹೊರಗಿದ್ದ ಬೇರುಗಳಲ್ಲಿ ಕೆಲವನ್ನು ಕತ್ತರಿಸಿ, ಉಳಿದವನ್ನು ಒಳಕ್ಕೆ ಒತ್ತಿ, ಗಟ್ಟಿ ಮಣ್ಣು ತುಂಬಿ ಮಟ್ಟಸ ಮಾಡಿದರು. ತೊಗಟೆ ಚೂರನ್ನೆಲ್ಲ ಹಿತ್ತಿಲ ಕಸದ ಬುಟ್ಟಿಯ ಪಕ್ಕಕ್ಕೆ ಸುರಿದರು. ಅಂದಿನಿಂದ ದಿನಕ್ಕೆ ಮೂರು ಹೊತ್ತು, ಊಟವಾದ ಮೇಲೆ ತಪ್ಪದೆ, ನೀರು!

ಗಿಡ ಪಾಪ ಎಷ್ಟೆಂದು ತಡೆದೀತು? ಎಲೆಗಳು ಒದ್ದೆ ಬಟ್ಟೆಯಂತೆ ಜೋತುಬಿದ್ದವು. ಒಂದು ಮಧ್ಯಾಹ್ನ ಡಾಕ್ಟರು ಅತ್ತಿತ್ತ ನೋಡಿ, ಗಿಡವನ್ನು ಕಿತ್ತು, ಹಿತ್ತಿಲ ಕಸದ ಬುಟ್ಟಿಗೆ ಹಾಕಿ, ಕೈ ತೊಳೆದುಕೊಂಡು, ಸೀದಾ ಹೂವಿನಂಗಡಿಗೆ ಹೋದರು.

“ಹೂವಿಲ್ಲದ ಆರ್ಕಿಡ್ ಕೊಡಿ.”

“ಹೂವಿಲ್ಲದ್ದಾ? ಅದನ್ನ ಕೇಳ್ಕೊಂಡು ಬಂದವರು ನೀವೇ ಮೊದಲು ಸಾರ್.”

“ನಾನು ನಿಧಾನಸ್ಥ,” ಎಂದರು ಡಾಕ್ಟರು, ಮುಖ ಗಂಟಿಕ್ಕಿ.

ಗಿಡವನ್ನು ಬಿಳಿ ಏಪ್ರನ್ನಿನಲ್ಲಿ ಸುತ್ತಿಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಮನೆಯೊಳಗೆ ಬಂದರೆ ಹೊಸ್ತಿಲಲ್ಲೇ ಅತ್ತೆ!

“ಅದೇನು ಅಳಿಯಂದಿರೇ, ಮಗು ಎತ್ಕೊಂಡ ಹಾಗೆ?”

“ದವಡೆ. ಅಂದ್ರೆ, ದವಡೆಯ ಮಾಡೆಲ್ಲು. ಪೇಷೆಂಟ್‌ಗಳಿಗೆ ತೋರಿಸೋಕೆ.”

“ಓಹೋ. ದವಡೆಗೆ ಎಲೆ ಬಂದಿದೆ, ನೋಡ್ಕೊಳ್ಳಿ,” ಎಂದು ಅತ್ತೆ ದಾರಿ ಬಿಟ್ಟರು.

ಎರಡನೆಯ ಗಿಡವೂ ಕೊಳೆಯಿತು. ಮೂರನೆಯದನ್ನು ಬಿಸಿಲಿಗಿಟ್ಟರು, ಸುಟ್ಟಿತು. ನಾಲ್ಕನೆಯದನ್ನು ಕ್ಲಿನಿಕ್ಕಿನ ಏಸಿಯ ಮುಂದೆ ಇಟ್ಟರು, ನಡುಗಿ ಸತ್ತಿತು. ಅಂಗಡಿಯಾಕೆ ಈಗ ಡಾಕ್ಟರ ನೆರಳು ಕಂಡರೆ ಸಾಕು, ಕುರ್ಚಿ ಒರೆಸಿಡುತ್ತಿದ್ದರು. ಮನೆಯಲ್ಲಿ ಮಾತ್ರ ಡಾಕ್ಟರ ಮೀಸೆ ಮಣ್ಣಾಗಲಿಲ್ಲ. “ಹೇಗಿದೆ ನನ್ನ ಗಿಡ! ದಿನದಿನಕ್ಕೂ ಎಳಸಾಗ್ತಿದೆ!” ಎನ್ನುತ್ತಿದ್ದರು. ಅದು ನಿಜವೇ ಆಗಿತ್ತು.

ಈ ನಡುವೆ ಟೀಚರು ಆಗಾಗ ಒಂದು ಮಾತು ಹೇಳುತ್ತಿದ್ದರು: “ರೀ, ಹಿಂದಿನ ರೂಮಿನ ಬಲ್ಬ್ ಹೋಗಿದೆ. ಒಂದ್ಸಲ ಹೋಗಿ ಹಾಕಿಬಿಡಿ.” ಇಸ್ತ್ರಿ ಪೆಟ್ಟಿಗೆ ಆ ರೂಮಿನಲ್ಲೇ ಇದ್ದುದರಿಂದ ಅವರು ವಾರಕ್ಕೊಮ್ಮೆ ಅಲ್ಲಿಗೆ ಹೋಗಬೇಕಾಗಿತ್ತು. ಡಾಕ್ಟರು ಪ್ರತಿಸಲವೂ, “ನಾಳೆ ಹಾಕ್ತೀನಿ ಕಣೇ,” ಎನ್ನುತ್ತಿದ್ದರು. ಪ್ರಾಣದಂಥ ರೂಮಲ್ಲವೆ? ಅವಸರವೇನು?

ವರ್ಷ ತುಂಬುತ್ತಾ ಬಂತು. ಡಾಕ್ಟರು ಕೊನೆಯ ಅಸ್ತ್ರ ಹೂಡಿದರು. ಅಂಗಡಿಗೆ ಹೋಗಿ, ಮೊದಲಿನ ಗಿಡದಂಥದೇ ಬಿಳಿ ಹೂವಿನ, ಆಗಷ್ಟೇ ಅರಳಿದ ಗಿಡವನ್ನು ತಂದು, ಹಳೆಯ ಕುಂಡದಲ್ಲಿಟ್ಟು, ಭಾನುವಾರ ಬೆಳಿಗ್ಗೆ ಊಟದ ಮೇಜಿನ ನಡುವೆ ಪ್ರತಿಷ್ಠಾಪಿಸಿದರು. ಆಮೇಲೆ ಮನೆ ಹಾರಿಹೋಗುವಂತೆ ಕೂಗಿದರು.

“ಬನ್ನಿ! ಎಲ್ಲರೂ ಬನ್ನಿ! ಅರಳಿತು! ಅದೇ ಗಿಡ, ಅದೇ ಮನೆ, ಅದೇ ಡಾಕ್ಟರು!”

ಟೀಚರು ಬಂದರು, ಅತ್ತೆ ಬಂದರು. ಟೀಚರು ಹೂವನ್ನು ನೋಡಿದರು. ಗಂಡನನ್ನು ನೋಡಿದರು. ಆಮೇಲೆ ಲೆಕ್ಕ ತಪ್ಪಿದ ಮಗುವಿನ ಮುಂದೆ ಬಗ್ಗುವ ಹಾಗೆ ಮೇಜಿನತ್ತ ಬಗ್ಗಿ, ಎಲೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು.

“ಎಲ್ಲಾ ಸರಿ ಇದೆ ರೀ. ಆ ಸಿಮೆಂಟ್ ಎಲ್ಲಿ?”

ಡಾಕ್ಟರು ನೆತ್ತಿ ಸವರಿಕೊಂಡರು. ದಿನವಿಡೀ ಹಲ್ಲು ತುಂಬುವ ಮನುಷ್ಯನಿಗೆ ಒಂದು ಎಲೆಗೆ ತುಂಬಿದ್ದು ನೆನಪಿರುತ್ತದೆಯೆ? “ಅದಾ? ಅದು... ಬಿದ್ದುಹೋಗಿರಬೇಕು.”

“ಬಿದ್ದುಹೋಯ್ತಾ?” ಅತ್ತೆ ಕುರ್ಚಿ ಹಿಡಿದುಕೊಂಡರು. ಅವರ ಕೈ ಎಡ ದವಡೆಗೆ ಹೋಗಿತ್ತು. “ಹತ್ತು ವರ್ಷದ ಗ್ಯಾರಂಟಿ ಒಂದೇ ವರ್ಷಕ್ಕೆ ಬಿದ್ದುಹೋಯ್ತಾ? ಹಾಗಾದ್ರೆ ನನ್ನದು ಯಾವಾಗ ಅಳಿಯಂದಿರೇ? ಊಟ ಮಾಡೋವಾಗಲೋ, ಮಾತಾಡೋವಾಗಲೋ? ನಾಳೆ ವಾಕಿಂಗ್‌ನಲ್ಲಿ ಗೆಳತಿಯರಿಗೆಲ್ಲ ಹೇಳ್ಬೇಕು. ಎಲ್ಲರೂ ನಿಮ್ಮ ಹತ್ರಾನೇ ತುಂಬಿಸ್ಕೊಂಡಿರೋದು!”

ಡಾಕ್ಟರ ಮುಖ ಕೆಂಪಾಯಿತು, ಬಿಳುಪಾಯಿತು, ಮತ್ತೆ ಕೆಂಪಾಯಿತು. ಒಂದು ಕಡೆ ರೂಮು, ಇನ್ನೊಂದು ಕಡೆ ಇಡೀ ಬಡಾವಣೆಯ ದವಡೆಗಳ ನಂಬಿಕೆ. ಹೆಂಡತಿಯ ಮುಂದೆ ಸೋಲಬಹುದು. ಆದರೆ ಕಸುಬಿನಲ್ಲಿ ಸೋಲುವುದುಂಟೆ?

“ನನ್ನ ಸಿಮೆಂಟ್ ಬೀಳಲ್ಲ!” ಎಂದು ಮೇಜು ಗುದ್ದಿದರು. ಹೂವುಗಳೆಲ್ಲ ನಡುಗಿದವು. “ಯಾವ ಕಾಲಕ್ಕೂ ಬೀಳಲ್ಲ! ಗಿಡವೇ ಬೇರೆ! ಇದು ಐದನೇದು! ಮೊದಲನೇದನ್ನ ಕಸದ ಬುಟ್ಟಿಗೆ ಹಾಕಿದ್ದು ನಾನೇ. ಹಾಕಿದಾಗಲೂ ಸಿಮೆಂಟ್ ಕಲ್ಲಿನ ಹಾಗಿತ್ತು! ಬೇಕಾದ್ರೆ ಆಣೆ ಮಾಡ್ತೀನಿ!”

ತಾನು ಏನು ಹೇಳಿದೆನೆಂಬುದು ಡಾಕ್ಟರಿಗೆ ಆಗ ಹೊಳೆಯಿತು.

“ಆಣೆ ಯಾಕೆ? ಬನ್ನಿ, ತೋರಿಸ್ತೀನಿ,” ಎಂದರು ಟೀಚರು. ಗಂಡನ ಕೈ ಹಿಡಿದುಕೊಂಡು ಹೋಗಿ ಹಿಂದಿನ ರೂಮಿನ ಬಾಗಿಲು ತೆರೆದರು.

ಪರದೆಯ ಹಿಂದಿನಿಂದ ಮೆತ್ತನೆಯ ಬೆಳಕು ಬರುತ್ತಿತ್ತು. ಕಿಟಕಿಯ ಪಕ್ಕದಲ್ಲಿ, ವ್ಯಾಯಾಮದ ಸೈಕಲ್ಲಿನ ಸೀಟಿನ ಮೇಲೆ, ತೊಗಟೆ ಚೂರು ತುಂಬಿದ ಒಂದು ಹಳೆಯ ಜಗ್ಗು. ಅದರೊಳಗೆ ಬೇರುಗಳನ್ನು ಬೇಕಾದ ಕಡೆಗೆಲ್ಲ ಚಾಚಿಕೊಂಡು, ಸೈಕಲ್ಲಿನ ಹ್ಯಾಂಡಲ್ಲಿಗೆ ದಂಟು ಒರಗಿಸಿಕೊಂಡು, ಡಾಕ್ಟರ ಮೊದಲ ಆರ್ಕಿಡ್ಡು ಸವಾರಿ ಹೊರಟಂತೆ ಕೂತಿತ್ತು. ದಂಟಿನ ತುಂಬ ಬಿಳಿ ಹೂವು! ಕೆಳಗಿನ ಎಲೆಯಲ್ಲಿ ಮುತ್ತಿನಂಥ ಸಿಮೆಂಟು ಫಳಫಳ ಹೊಳೆಯುತ್ತಿತ್ತು.

“ನೋಡಮ್ಮ, ಅಲುಗಾಡಿಲ್ಲ,” ಎಂದರು ಟೀಚರು ತಾಯಿಗೆ. ಅತ್ತೆ ಉಗುರಿನಿಂದ ತಟ್ಟಿ ನೋಡಿ ನಿಟ್ಟುಸಿರು ಬಿಟ್ಟು, ದವಡೆಯಿಂದ ಕೈ ತೆಗೆದರು.

“ಇದಕ್ಕೆ... ಇದಕ್ಕೆ ಏನು ಆರೈಕೆ ಮಾಡಿದೆ?” ಎಂದರು ಡಾಕ್ಟರು.

“ಏನೂ ಇಲ್ಲ. ಬುಟ್ಟೀಲಿ ಬಿದ್ದಿತ್ತು, ಪಾಪ ಅನಿಸ್ತು, ಪಕ್ಕದಲ್ಲಿದ್ದ ಚೂರನ್ನೇ ತುಂಬಿ ಇಲ್ಲಿಟ್ಟೆ. ಇಸ್ತ್ರಿ ಪೆಟ್ಟಿಗೆಗೆ ಬಂದಾಗ ಒಂದು ಲೋಟ ನೀರು ಹಾಕಿ, ತಳದಲ್ಲಿ ನಿಂತಿದ್ದನ್ನ ಬಗ್ಗಿಸಿ ಚೆಲ್ತಿದ್ದೆ. ಉಳಿದ ದಿನ ಮರೆತೇಬಿಡ್ತಿದ್ದೆ. ಈ ಮನೇಲಿ ನಿಮ್ಮ ಕೈಗೆ ಸಿಗದೇ ಇರೋ ಜಾಗ ಇದೊಂದೇ ಅಲ್ವಾ?”

“ಹಾಗಾದ್ರೆ ಅರಳಿ ಎಷ್ಟು ದಿನ ಆಯ್ತು?”

“ತಿಂಗಳ ಮೇಲಾಯ್ತು. ನಿಮ್ಮನ್ನ ನೋಡಿ ನನಗೇ ಸಂಕಟ ಆಗ್ತಿತ್ತು ರೀ. ಅದೇ ಮನೆ, ಅದೇ ಗಿಡ, ವರ್ಷದ ಒಳಗೇ ಅರಳಿದೆ. ನೀವು ಬಂದು ನೋಡಿ, ನನ್ನ ಕರೆದು ತೋರಿಸಿದ್ರೆ ಮುಗೀತು, ಗೆದ್ದುಬಿಡ್ತಿದ್ರಿ. ಈಗ ಕರೆದು ತೋರಿಸಿದ್ದು ನಾನಾಯ್ತು. ಬಲ್ಬ್ ಹಾಕಿ, ಬಲ್ಬ್ ಹಾಕಿ ಅಂತ ಎಷ್ಟು ಸಲ ಬಡ್ಕೊಂಡೆ! ನಿಮ್ಮ ಪ್ರಾಣದೊಳಗೆ ನೀವು ಒಂದ್ಸಲನಾದ್ರೂ ಕಾಲಿಡ್ಬಾರದಾ?”

ಡಾಕ್ಟರು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಉಳಿಯಿತು. ಅತ್ತೆ ಹತ್ತಿರ ಬಂದು, ತಲೆ ಓರೆ ಮಾಡಿ, ಒಳಗೆಲ್ಲ ನೋಡಿ, “ಹಲ್ಲು ಚೆನ್ನಾಗಿವೆ,” ಎಂದರು.

ಈಗ ಆ ರೂಮಿನಲ್ಲಿ ಒಂದು ಮೇಜಿದೆ, ಒಂದು ಕುರ್ಚಿಯಿದೆ, ಕಿಟಕಿಯಲ್ಲಿ ಆರ್ಕಿಡ್ಡಿದೆ. ಬಾಗಿಲು ಮುಚ್ಚಿರುತ್ತದೆ. ಮೊನ್ನೆ ಭಾನುವಾರ ಡಾಕ್ಟರು ಮೆತ್ತಗೆ ಅದನ್ನು ತಟ್ಟಿದರು.

“ಯಾರು?”

“ನಾನೇ ಕಣೇ. ಹೂವು ನೋಡ್ಕೊಂಡು ಹೋಗೋಣ ಅಂತ.”

“ಅಪಾಯಿಂಟ್‌ಮೆಂಟ್ ಇದೆಯಾ?”

“ಇಲ್ಲ.”

“ಹೊರಗೆ ಕೂತಿರಿ. ಕರೀತೀನಿ.”

ಡಾಕ್ಟರು ಕ್ಲಿನಿಕ್ಕಿನಿಂದ ರೋಗಿಗಳ ಬೆಂಚನ್ನು ತಾವೇ ಎಳೆದುತಂದು ಬಾಗಿಲ ಮುಂದೆ ಹಾಕಿಕೊಂಡು, ಒಂದು ಹಳೆಯ ಪತ್ರಿಕೆ ತಿರುವುತ್ತಾ ಕೂತರು.