ಎಪ್ಪತ್ತರ ಗೆರೆ

ಚಹಾ ಕುಡಿಯುತ್ತ ಶಿವಶರಣಪ್ಪನವರು ಆಫೀಸಿನ ಕಾಗದದ ಒಂದೇ ಒಂದು ಸಾಲನ್ನು ಗಟ್ಟಿಯಾಗಿ ಓದಿದ್ದು ತಪ್ಪಾಯಿತು: 'ಎಪ್ಪತ್ತು ತುಂಬುವ ಮೊದಲು ಬರುವ ಸಾವನ್ನು ಅಕಾಲ ಮರಣವೆಂದು ಎಣಿಸಲಾಗಿದೆ.'

ನಾಂಪಲ್ಲಿಯ ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಮೇಲೆ ಅವರು ಸಿಕಂದರಾಬಾದಿನ ಒಂದು ಖಾಸಗಿ ಸಂಶೋಧನಾ ಕೇಂದ್ರಕ್ಕೆ ಸೇರಿದ್ದರು. ಅಕಾಲ ಮರಣದ ಬಗ್ಗೆ ಯಾವ ದೇಶದವರು ಯಾವ ವರ್ಷ ಎಷ್ಟು ಲೇಖನ ಬರೆದರೆಂದು ಪಟ್ಟಿ ಮಾಡುವುದು ಕೆಲಸ. ಲೇಖನಗಳೋ ನಾಯಿಕೊಡೆಗಳಂತೆ ಏಳುತ್ತಿದ್ದವು. ಮೊದಲೆಲ್ಲ ಹೃದಯ, ಆಮೇಲೆ ಸಕ್ಕರೆ ಕಾಯಿಲೆ, ಈಗೀಗ ಹೊಗೆ, ಬಿಸಿಲು, ಒಂಟಿತನ. ಅಷ್ಟು ಸಾವುಗಳ ನಡುವೆ ಕೂತರೂ ಶಿವಶರಣಪ್ಪನವರಿಗೆ ಒಂದು ದಿನವೂ ನಿದ್ದೆ ಕೆಟ್ಟಿರಲಿಲ್ಲ.

ಪೇಪರ್ ಕೇಳಲು ಬಂದಿದ್ದ ಪಕ್ಕದ ಫ್ಲ್ಯಾಟಿನ ಗೋಪಿನಾಥ, ಮೈಸೂರಿನವನು, ಕಿವಿ ನಿಮಿರಿಸಿದ. "ಸಾರ್, ನಿಮಗೆ ಎಪ್ಪತ್ತು ಯಾವಾಗ?"

"ಇವತ್ತ ರೀ. ಸಂಜೀ ಐದು ನಲವತ್ತಕ್ಕ ಹುಟ್ಟೀನಂತ ನಮ್ಮವ್ವ ಹೇಳ್ತಿದ್ಲು."

"ಹಾಗಾದ್ರೆ ಐದೂವರೆಗೆ ಏನಾದ್ರೂ ಆದ್ರೆ ಅಕಾಲ, ಐದೂ ಮುಕ್ಕಾಲಿಗಾದ್ರೆ ಸಕಾಲ. ಹುಷಾರು ಸಾರ್!"

"ಬಿಡ್ತು ಅನ್ರಿ!" ಒಳಗಿಂದ ಹೆಂಡತಿ ಶಿವದೇವಿ ಕೂಗಿದರು. "ನೀವು ಇವತ್ತ ಮನ್ಯಾಗ ಇರ್ರಿ, ಎಲ್ಲೂ ಹೋಗಬ್ಯಾಡ್ರಿ."

"ಪಟ್ಟಿ ಇವತ್ತ ಕೊಡಬೇಕು ಮಾರಾಯ್ತಿ," ಎಂದು ಅವರು ಚಪ್ಪಲಿ ಮೆಟ್ಟಿದರು.

ಕೆಳಗೆ ಲಿಫ್ಟಿನ ಬಳಿ ಒಬ್ಬ ಸಣಕಲ ನಿಂತಿದ್ದ. ಬೂದು ಸಫಾರಿ, ಕಂಕುಳಲ್ಲಿ ದಪ್ಪ ರಿಜಿಸ್ಟರ್. ಅವನು ಕೈಗಡಿಯಾರ ನೋಡಿದ, ಇವರನ್ನು ನೋಡಿದ, ಏನೋ ಗೀಚಿಕೊಂಡ.

ಕೂಕಟ್‌ಪಲ್ಲಿಯಲ್ಲಿ ಮೆಟ್ರೋ ಹತ್ತಿದರೆ ಎದುರಿನ ಸೀಟಿನಲ್ಲಿ ಅವನೇ! ನಿಲ್ಲಲೂ ಜಾಗವಿಲ್ಲದ ಗದ್ದಲದಲ್ಲಿ ಅವನ ಎಡಬಲದ ಸೀಟುಗಳು ಖಾಲಿ. ರೈಲು ತಿರುಗಿದಾಗ ಎಲ್ಲರೂ ವಾಲಿದರು, ಅವನೊಬ್ಬ ವಾಲಲಿಲ್ಲ. ಶಿವಶರಣಪ್ಪನವರು ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು.

ಆಫೀಸಿನ ಮೆಟ್ಟಿಲಲ್ಲಿ ಕಾಲು ಜಾರಿ ಎರಡು ಮೆಟ್ಟಿಲು ಕೆಳಗೆ ಬಿದ್ದರು. ಮೇಲಿನ ತಿರುವಿನಲ್ಲಿ 'ಟಕ್' ಎಂದು ಪೆನ್ನಿನ ಮುಚ್ಚಳ ತೆರೆದ ಸದ್ದು. ಸೊಂಟ ಹಿಡಿದುಕೊಂಡು ಎದ್ದರು. 'ಟಕ್', ಮುಚ್ಚಳ ಮುಚ್ಚಿತು. ಮಧ್ಯಾಹ್ನ ರೊಟ್ಟಿಗೆ ಹಚ್ಚಿಕೊಂಡ ಶೇಂಗಾ ಹಿಂಡಿ ಗಂಟಲಿಗೆ ಸಿಕ್ಕಿ ಕಣ್ಣು ಮೇಲಾದವು. ಗಾಜಿನ ಬಾಗಿಲಾಚೆ ಮತ್ತೆ 'ಟಕ್'! ಮೇಲಧಿಕಾರಿ ದೀಪಾಲಿ ಓಡಿಬಂದು, ಗಾದಿ ಝಾಡಿಸುವವಳಂತೆ ಅವರ ಬೆನ್ನಿಗೆ ಗುದ್ದಿದಳು. ಉಸಿರು ಬಂತು.

"ಮೇಡಂ, ಆ ಬಾಗಿಲದಾಗ ನಿಂತಾನಲ್ಲ, ಅಂವನ್ನ ನೀವ್ ಕಳಿಸೀರೇನ್ರಿ?"

ದೀಪಾಲಿ ಬಾಗಿಲು ನೋಡಿದಳು, ಇವರನ್ನು ನೋಡಿದಳು. "ಅಲ್ಲಿ ಯಾರೂ ಇಲ್ರೀ, ಸರ್. ಭಾಳ ದಣದೀರಿ, ಮನೀಗ್ ಹೋಗ್ರಿ."

ಮರಳಿ ಬಂದವರಿಗೆ ಲಿಫ್ಟ್ ಹತ್ತಲು ಭಯ, ಮೆಟ್ಟಿಲೆಂದರೆ ಇನ್ನೂ ಭಯ. ಕಟ್ಟಡದ ಕೆಳಗಿನ ಬೆಂಚಿನ ಮೇಲೆ ಕೂತುಬಿಟ್ಟರು. ಅದನ್ನು ಕಂಡ ಗೋಪಿನಾಥ ಅರ್ಧ ಅಪಾರ್ಟ್‌ಮೆಂಟನ್ನೇ ಕರೆತಂದ. ಒಬ್ಬರು ನಾಡಿ ಹಿಡಿದರು, ಒಬ್ಬರು ಗ್ಲೂಕೋಸ್ ಕುಡಿಸಿದರು, ಇನ್ನೊಬ್ಬರು ತೆಲುಗಿನಲ್ಲಿ ಧೈರ್ಯ ಹೇಳುತ್ತ ತಾವೇ ಅತ್ತರು. ಶಿವದೇವಿ ಗಂಡನ ಹಣೆಗೆ ವಿಭೂತಿ ಹಚ್ಚಿ ತೋಳನ್ನು ಬಿಗಿಯಾಗಿ ಹಿಡಿದು ಕೂತರು. ನಾಲ್ಕು ಹೆಜ್ಜೆ ದೂರದಲ್ಲಿ ಸಣಕಲನೂ ನಿಂತಿದ್ದ. ಜನ ಅವನನ್ನು ನೋಡದೆಯೇ ಅವನಿಂದ ಸರಿದು ನಡೆಯುತ್ತಿದ್ದರು.

"ಐದು ಮೂವತ್ತೊಂಬತ್ತು," ಎಂದ ಗೋಪಿನಾಥ. ಎಲ್ಲರೂ ಉಸಿರು ಬಿಗಿಹಿಡಿದರು. ಶಿವಶರಣಪ್ಪನವರ ಎದೆ ಹಿಟ್ಟಿನ ಗಿರಣಿಯಂತೆ ಹೊಡೆದುಕೊಂಡಿತು.

"ಐದು ನಲವತ್ತೊಂದು!"

ಚಪ್ಪಾಳೆ ಬಿತ್ತು. ಸಣಕಲ ಮುಖ ಸಪ್ಪೆ ಮಾಡಿಕೊಂಡು ರಿಜಿಸ್ಟರಿನಲ್ಲಿ ಒಂದು ಗೆರೆ ಎಳೆದ, ಗೇಟು ದಾಟಿ ಹೋದ. ಶಿವಶರಣಪ್ಪನವರು ಮಗುವಿನಂತೆ ನಕ್ಕರು. "ನೀ ಮುಂದ ನಡಿ, ಹುಗ್ಗಿ ಬಿಸಿ ಮಾಡು," ಎಂದು ಹೆಂಡತಿಯನ್ನು ಕಳಿಸಿದರು. ಜನ ಚದುರಿದರು.

ಫೋನ್ ಬಂತು. ದೀಪಾಲಿ.

"ಸರ್, ಆರಾಮ್ ಆದ್ರೇನ್ರಿ? ಪಟ್ಟಿ ಮತ್ತ ಮೊದಲಿಂದ ಮಾಡಬೇಕ್ರಿ. ಡೈರೆಕ್ಟರ್ ಸಾಹೇಬ್ರು ಈಗ ಮೀಟಿಂಗ್‌ನ್ಯಾಗ ಎಪ್ಪತ್ತರ ಗೆರೀನ ಎಪ್ಪತ್ತೈದಕ್ಕ ಸರಿಸ್ಯಾರ. ಮಂದಿ ಈಗ ಭಾಳ ದಿನ ಬದುಕ್ತಾರಲ್ರಿ, ಎಪ್ಪತ್ನಾಲ್ಕೂ ಅಕಾಲನ ಅಂತ."

ಅವರು ಫೋನ್ ಜೇಬಿಗಿಟ್ಟು ಲಿಫ್ಟಿನೊಳಗೆ ಹೋದರು. ಮುಚ್ಚುತ್ತಿದ್ದ ಬಾಗಿಲನ್ನು ಒಂದು ಸಣಕಲು ಕೈ ತಡೆಯಿತು. ಸಣಕಲ ಒಳಗೆ ಬಂದು, ಇವರ ಮಗ್ಗುಲಿಗೆ ನಿಂತು, ರಿಜಿಸ್ಟರಿನ ಹೊಸ ಹಾಳೆ ತೆರೆದ.

"ನಮ್ಮ ಆಫೀಸಿಗೂ ಈಗ ಆರ್ಡರ್ ಬಂತ್ರಿ," ಎಂದ ಸುಸ್ತಾದ ದನಿಯಲ್ಲಿ. "ಇನ್ನೈದು ವರ್ಷ ನಿಮ್ಮ ಹಿಂದ ಅಡ್ಡಾಡಬೇಕು."

ಬಾಗಿಲು ಮುಚ್ಚಿತು. ಅವನು ಗುಂಡಿಯ ಮೇಲೆ ಬೆರಳಿಟ್ಟು ಮರ್ಯಾದೆಯಿಂದ ಕೇಳಿದ: "ಮ್ಯಾಲಕ್ಕ ಹೋಗೂಣೇನ್ರಿ?"