ಬಾಗಿಲ ಹಿಂದಿನ ಊಟದ ಪಟ್ಟಿ

ನಮ್ಮ ಅತ್ತೆಯವರ ಪ್ರಕಾರ ಯೇಸುಸ್ವಾಮಿ ಐದು ಸಾವಿರ ಜನಕ್ಕೆ ಊಟ ಬಡಿಸಿದ್ದು ಇಲ್ಲೇ ರಾಮನಗರದ ಪಕ್ಕದ ಕೈಲಾಂಚದಲ್ಲಿ!

ಹಾಗೆಂದು ಪವಿತ್ರ ಗ್ರಂಥದಲ್ಲಿ ಎಲ್ಲಿಯೂ ಬರೆದಿಲ್ಲ ಎಂದು ನೀವು ವಾದಿಸಬಹುದು. ಧಾರಾಳವಾಗಿ ವಾದಿಸಿ. ನಾನೂ ಮದುವೆಯಾದ ಹೊಸದರಲ್ಲಿ ವಾದಿಸಿದ್ದೆ. ಅತ್ತೆ ಮೆಲ್ಲಗೆ ನಕ್ಕು, "ಕೂತ್ಕೊಳಕ್ಕೆ ಹುಲ್ಲಿತ್ತು ಅಂತ ಬರ್ದೈತಲ್ಲವ್ವ. ಅಷ್ಟು ಜನ ಕೂರೋವಷ್ಟು ಹುಲ್ಲು ಕೈಲಾಂಚದ ಕಡೆ ಬುಟ್ರೆ ಇನ್ನೆಲ್ಲೈತೆ?" ಎಂದರು. ನಾನು ಬಿ.ಎಡ್. ಮಾಡಿದವಳು, ಚನ್ನಪಟ್ಟಣದ ಶಾಲೆಯೊಂದರಲ್ಲಿ ಮಕ್ಕಳಿಗೆ ಭೂಗೋಳ ಕಲಿಸುವವಳು. ಈ ಭೂಗೋಳದ ಮುಂದೆ ನನ್ನ ಭೂಗೋಳ ಬಾಯಿ ಮುಚ್ಚಿಕೊಂಡಿತು.

ರಾಮನಗರದ ಅಂಚಿನಲ್ಲಿರುವ ನಮ್ಮ ಮನೆಯ ಅಡುಗೆಮನೆಗೆ ಒಂದೇ ಕಿಟಕಿ. ಅದರೊಳಗಿಂದ ನೋಡಿದರೆ ಬಂಡೆ ಬೆಟ್ಟಗಳು, ಮೇಲೆ ಸುತ್ತುವ ಹದ್ದುಗಳು. ಬೆಳಗಿನ ಹೊತ್ತು ಮಂಜು ಬಂಡೆಯ ಸೊಂಟದವರೆಗೆ ಬಂದು ನಿಂತಿರುತ್ತದೆ. ಅತ್ತೆ ಆ ಕಿಟಕಿಯ ಮುಂದೆ ನಿಂತರೆಂದರೆ ಮುಗಿಯಿತು, ಅವರು ರಾಮನಗರದಲ್ಲಿ ಇರುವುದಿಲ್ಲ. ಹಳೆಯ ಕಾಲದ ಪ್ರವಾದಿಯೊಬ್ಬನಿಗೆ ಹಕ್ಕಿಗಳು ಹೊತ್ತುಹೊತ್ತಿಗೆ ರೊಟ್ಟಿ ತಂದುಕೊಟ್ಟ ಕಥೆಯಿದೆಯಲ್ಲ, ಆತ ಕೂತಿದ್ದ ಬಂಡೆಯನ್ನು ಅವರು ನನಗೆ ಬೆರಳು ಮಾಡಿ ತೋರಿಸಿದ್ದಾರೆ. ಎಡಗಡೆಯಿಂದ ಮೂರನೆಯದು! ಅವರು ಬಂಡೆ ತೋರಿಸುತ್ತಿದ್ದಾಗ ಇತ್ತ ಇಡ್ಲಿ ಪಾತ್ರೆಯ ನೀರು ಪೂರ್ತಿ ಇಂಗಿ ತಳ ಸೀದುಹೋಗಿತ್ತು. ನಾನು ಸಂಜೆ ಶಾಲೆಯಿಂದ ರೈಲಿಳಿದು ಮನೆಗೆ ಬಂದರೂ ಅವರಿಗೆ ಗೊತ್ತಾಗುವುದಿಲ್ಲ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಉಕ್ಕುತ್ತಿರುವ ಹಾಲಿನ ಒಲೆಯನ್ನು ನಾನು ಆರಿಸಿದ ಮೇಲೆ ಅವರು ತಿರುಗಿ, "ಬಂದ್ಯಾ?" ಎನ್ನುತ್ತಾರೆ. ಮೊದಮೊದಲು ನನಗೆ ಬೇಸರವಾಗುತ್ತಿತ್ತು. ನನ್ನ ತಾಯಿ ಇದ್ದಾಗ ನಾನು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು. ಚನ್ನಪಟ್ಟಣದ ಮನೆಯನ್ನು ಅಣ್ಣ ಬಾಡಿಗೆಗೆ ಕೊಟ್ಟ. ದಿನಾ ಅದೇ ಊರಿಗೆ ಹೋಗಿ ಬರುತ್ತೇನೆ, ಆ ಬೀದಿಗೆ ಮಾತ್ರ ಹೋಗುವುದಿಲ್ಲ.

ಇರಲಿ, ಊಟದ ವಿಷಯಕ್ಕೆ ಬರೋಣ. ಬೇರೆ ಮನೆಗಳಲ್ಲಿ ನಾಳೆ ಏನು ಅಡುಗೆ ಎಂಬುದನ್ನು ತರಕಾರಿ ಬುಟ್ಟಿ ತೀರ್ಮಾನಿಸುತ್ತದೆ. ನಮ್ಮ ಮನೆಯಲ್ಲಿ ಗ್ರಂಥವೇ ತೀರ್ಮಾನಿಸುತ್ತದೆ! ಪ್ರತಿ ಶನಿವಾರ ಸಂಜೆ ಜಪಸರ ಮುಗಿದ ಮೇಲೆ ಅತ್ತೆ ಕಣ್ಣು ಮುಚ್ಚಿ ಪುಸ್ತಕವನ್ನು ಏಳು ಸಲ ತೆರೆಯುತ್ತಾರೆ. ಏಳು ಪುಟ, ಏಳು ದಿನ. ಯಾವ ಪುಟ ಬಂತೋ ಅದನ್ನು ಬೆರಳಿಟ್ಟು ನಿಧಾನವಾಗಿ, ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಅಡುಗೆಮನೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ವಾರದ ಪಟ್ಟಿ ಬರೆಯುತ್ತಾರೆ. ಅವರು ಓದು ಕಲಿತದ್ದೇ ನಲವತ್ತರ ಹೊತ್ತಿಗೆ, ಕೊನೆಯ ಮಗನ ಒಂದನೇ ತರಗತಿಯ ಪುಸ್ತಕದಿಂದ. ಆ ಕೊನೆಯ ಮಗನೇ ನನ್ನ ಗಂಡ. ಆತ ಅದಾದ ಮೇಲೆ ಓದಿದ್ದು ಅಷ್ಟಕ್ಕಷ್ಟೇ, ತಾಯಿ ಮಾತ್ರ ನಿಲ್ಲಿಸಲೇ ಇಲ್ಲ.

ಪುಟದಿಂದ ಪಾತ್ರೆಗೆ ಹೇಗೆ ಬರುತ್ತಾರೆ ಎಂದು ಕೇಳುತ್ತೀರಾ? ಮೀನು ಬಂದರೆ ಮೀನು ಸಾರು, ಅದು ಸುಲಭ. ಬೇಳೆ ಗಂಜಿಗಾಗಿ ಹಿರಿತನ ಮಾರಿಕೊಂಡವನ ಕಥೆ ಬಂದರೆ ಬೇಳೆ ಸಾರು. ಬರಗಾಲ ಬಂದರೆ ರಾಗಿ ಅಂಬಲಿ, ಜೊತೆಗೆ ಒಂದು ಈರುಳ್ಳಿ. ಒಮ್ಮೆ ಒಂದೇ ವಾರದಲ್ಲಿ ಮೂರು ಬರಗಾಲ ಬಂದುಬಿಟ್ಟಿತು! ಬಿಡದಿಯ ಕಾರ್ಖಾನೆಯಲ್ಲಿ ದುಡಿದು ಹಸಿದು ಬರುವ ನನ್ನ ಗಂಡ ಬಾಗಿಲ ಹಿಂದಿನ ಪಟ್ಟಿ ನೋಡಿ, "ಅವ್ವೋ, ಒಸಿ ನೋಡ್ಕಂಡು ತೆಗಿ" ಎಂದು ಕೈಮುಗಿದರು.

ಮರುಭೂಮಿಯಲ್ಲಿ ಮಿಡತೆ, ಜೇನು ತಿಂದು ಬದುಕಿದ ಮಹಾತ್ಮನ ಪುಟ ಬಂದ ಶನಿವಾರ ಮನೆಯಲ್ಲಿ ದಿಗಿಲು ಹುಟ್ಟಿತು. ಪಕ್ಕದ ಮನೆಯವರದು ರೇಷ್ಮೆ ನೂಲು ತೆಗೆಯುವ ಕೆಲಸ, ಗೂಡು ಬೇಯಿಸಿದ ಮೇಲೆ ಉಳಿದ ಹುಳುಗಳ ರಾಶಿ ಅವರ ಹಿತ್ತಲಲ್ಲಿ ಸದಾ ಇರುತ್ತದೆ. ಅತ್ತೆಯ ದೃಷ್ಟಿ ಆ ಕಡೆ ಹೋದದ್ದನ್ನು ನಾನೂ ನೋಡಿದೆ, ಗಂಡನೂ ನೋಡಿದರು. ಮಾರನೆಯ ದಿನ ಅವರು ಬಿಡದಿಯಲ್ಲೇ ತಟ್ಟೆ ಇಡ್ಲಿ ತಿಂದು ಹೊಟ್ಟೆ ತುಂಬಿಸಿಕೊಂಡು ಬಂದರು. ಬಂದು ನೋಡಿದರೆ ಒಣ ಸೀಗಡಿ ಹುರುಕಲು! "ನೋಡಕ್ಕೆ ಹಂಗೇ ಐತಲ್ಲ" ಎನ್ನುವುದು ಅತ್ತೆಯ ಸಮಜಾಯಿಷಿ. ಘಮಘಮ ಎನ್ನುವ ಸೀಗಡಿಯ ಮುಂದೆ ಆ ತುಂಬಿದ ಹೊಟ್ಟೆಯ ಸಂಕಟವನ್ನು ನೀವೇ ಊಹಿಸಿಕೊಳ್ಳಿ.

ಇನ್ನೊಮ್ಮೆ ಬಂದದ್ದು ಬರೀ ಹೆಸರುಗಳ ಪುಟ. ಇಂಥವನು ಇಂಥವನನ್ನು ಪಡೆದನು, ಅವನು ಮತ್ತೊಬ್ಬನನ್ನು ಪಡೆದನು, ಹೀಗೆ ನಲವತ್ತು ತಲೆಮಾರು. ಇದರಿಂದ ಏನು ಅಡುಗೆ ಹೊರಡೀತು ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಅತ್ತೆ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ಇಷ್ಟೊಂದು ಜನ ಬಂದಿದ್ದಾರಲ್ಲ ಎಂದು ಅಟ್ಟದಿಂದ ಮದುವೆ ಹಂಡೆ ಇಳಿಸಿದರು! ಅವರೆಕಾಯಿಯ ಕಾಲ. ನಾನೂ ಗಂಡನೂ ಕೂತು ಅವರೆ ಹಿದುಕಿ ಹಿದುಕಿ ಬೆರಳು ಸುಕ್ಕಾದವು. ನಲವತ್ತು ಜನದ ಹಿದಕವರೆ ಸಾರು ಬೀದಿಯ ಎಲ್ಲ ಮನೆಗೂ ಹೋಯಿತು. ರೇಷ್ಮೆ ಮನೆಯ ಆಪಾ ಖಾಲಿ ಪಾತ್ರೆ ಹಿಂದಿರುಗಿಸಲು ಬಂದಾಗ, ಇವತ್ತು ನಿಮ್ಮಲ್ಲಿ ಯಾವ ಹಬ್ಬ ಎಂದು ವಿಚಾರಿಸಿದರು. ನಾನು ಏನು ಹೇಳಲಿ? ವಂಶಾವಳಿ ಹಬ್ಬ ಎಂದೆ.

ಹೀಗಿರಲಾಗಿ, ಬಾಗಿಲ ಹಿಂದಿನ ಅಕ್ಷರಗಳು ದಪ್ಪವಾಗತೊಡಗಿದವು. ಮೊದಲು ಏಳು ದಿನದ ಊಟ ಅರ್ಧ ಬಾಗಿಲಲ್ಲಿ ಹಿಡಿಯುತ್ತಿತ್ತು. ಆಮೇಲೆ ಪೂರ್ತಿ ಬಾಗಿಲು ಬೇಕಾಯಿತು. ಕೊನೆಗೆ ಒಂದು ವಾರ ಸೋಮವಾರದ ಹುರುಳಿ ಸಾರೊಂದೇ ಬಾಗಿಲು ತುಂಬಿ, ಮಂಗಳವಾರ ಗೋಡೆಗೆ ಹೋಯಿತು! ನಾನು ಅದನ್ನೂ ಅವರ ಹುಚ್ಚಿನ ಲೆಕ್ಕಕ್ಕೆ ಸೇರಿಸಿ ನಕ್ಕೆ. ಮುಂದಿನ ಶನಿವಾರ ಅವರು ಸಮುದ್ರ ಎರಡಾಗಿ ಜನ ದಾಟಿಹೋದ ಕಥೆಯನ್ನು ಬೆರಳಿಟ್ಟು ನಿರರ್ಗಳವಾಗಿ ಓದುತ್ತಿದ್ದರು. ನೀರು ಕೊಡಲು ಹತ್ತಿರ ಹೋದವಳು ನೋಡುತ್ತೇನೆ, ಅವರ ಕೈಯಲ್ಲಿದ್ದದ್ದು ಪೂಜೆಯಲ್ಲಿ ಹಾಡುವ ಕೀರ್ತನೆ ಪುಸ್ತಕ. ಎರಡಕ್ಕೂ ಒಂದೇ ಕಪ್ಪು ರೆಕ್ಸಿನ್ ಹೊದಿಕೆ.

ಅವರ ಕೈಯಿಂದ ಅದನ್ನು ಮೆಲ್ಲಗೆ ತೆಗೆದುಕೊಂಡೆ. ಅವರ ಬೆರಳು ಖಾಲಿ ಮಡಿಲ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಇತ್ತು.

"ಮಂಜು ಕಣವ್ವ," ಎಂದರು ಅತ್ತೆ. "ಬೆಟ್ಟದ ಮೇಲಿರೋದೆಲ್ಲ ಪುಸ್ತಕದ ಮೇಲೆ ಬಂದು ಕೂತ್ಬುಟ್ಟೈತೆ."

ಎಷ್ಟು ದಿನದಿಂದ ಎಂದರೆ ಹೇಳಲಿಲ್ಲ. ಯಾಕೆ ಮುಚ್ಚಿಟ್ಟಿರಿ ಎಂದದ್ದಕ್ಕೆ ಮಾತ್ರ, ಅಷ್ಟು ವಯಸ್ಸಾದ ಮೇಲೆ ಬಂದ ಅಕ್ಷರ, ಹೋಗಿಬಿಟ್ಟಿತು ಎಂದು ಯಾರ ಹತ್ತಿರ ಹೇಳಲಿ ಎಂದರು. ಡಾಕ್ಟರು ನೋಡಿ, ಪೊರೆ ಬಲಿತಿದೆ, ಬೇಗ ಆಪರೇಷನ್ ಆಗಬೇಕು, ಇನ್ನೂ ತಡಮಾಡಿದರೆ ದೃಷ್ಟಿ ಮರಳುವುದು ಕಷ್ಟ ಎಂದರು. ಅತ್ತೆಗೆ ಭಯ. ಕತ್ತಿ ಹಾಕಿ ಇರುವ ಬೆಳಕೂ ಹೋದರೆ? ಅವರೆ ಕಾಲ ಮುಗಿಯಲಿ ಎಂದರು, ಮುಗಿಯಿತು. ಕನಕಪುರದ ಕಡೆಯ ತಮ್ಮೂರಿನ ಯೇಸುಸ್ವಾಮಿ ಗುಡಿಯ ಹಬ್ಬ ಆಗಲಿ ಎಂದರು, ಅದೂ ಆಯಿತು. ಆಮೇಲೆ ಕಾರಣಗಳು ಸಿಗದೆ ಒಪ್ಪಿಕೊಂಡರು. ಆಪರೇಷನ್ ಆಗುವವರೆಗೆ ಪುಸ್ತಕ ತೆರೆಯುವ, ಓದುವ, ಬಾಗಿಲ ಹಿಂದೆ ಬರೆಯುವ ಅಧಿಕಾರ ಸೊಸೆಯ ಕೈಗೆ ಬಂತು.

ಅಧಿಕಾರ ಬಂದರೆ ಮನುಷ್ಯ ಏನು ಮಾಡುತ್ತಾನೆ ಹೇಳಿ? ನಾನೂ ಅದನ್ನೇ ಮಾಡಿದೆ!

ಮೊದಲ ವಾರ ಪ್ರಾಮಾಣಿಕವಾಗಿಯೇ ಕಣ್ಣು ಮುಚ್ಚಿ ತೆರೆದೆ. ಬರಗಾಲ ಬಂತು. ಎರಡನೇ ವಾರ ಒಂದು ಕಣ್ಣು ಬಿಟ್ಟೆ. ನನಗೆ ಗೊತ್ತಿದ್ದ ಪುಟವೊಂದಿತ್ತು. ಪಾಲಿಗೆ ಬಂದದ್ದನ್ನೆಲ್ಲ ಹಾಳುಮಾಡಿಕೊಂಡು, ಹಂದಿ ಕಾದು, ಹಸಿದು ಮನೆಗೆ ಮರಳಿದ ಮಗನ ಕಥೆ. ಅಪ್ಪ ದೂರದಿಂದಲೇ ಕಂಡು ಓಡಿಬರುತ್ತಾನೆ, ಕೊಬ್ಬಿದ ಕರುವಿನ ಔತಣ ಮಾಡಿಸುತ್ತಾನೆ. ನಮ್ಮ ಮನೆಯಲ್ಲಿ ಕೊಬ್ಬಿರುವುದು ಕೋಳಿ ಮಾತ್ರವಾದ್ದರಿಂದ ಆ ಪುಟ ಬಂದರೆ ನಾಟಿ ಕೋಳಿ ಸಾರು, ಬಿಸಿ ಮುದ್ದೆ. ಅತ್ತೆಯ ಕೋಳಿ ಸಾರು ಉಂಡವರಿಗೆ ನನ್ನ ಪಾಪದ ತೂಕ ತಿಳಿಯುತ್ತದೆ. ಅತ್ತೆ ಕಣ್ಣು ಮುಚ್ಚಿ ಕೇಳಿದರು, "ಒಳ್ಳೇ ಪುಟ" ಎಂದರು, ಕೋಳಿ ಬೆಂದಿತು.

ಒಂದು ವಾರ ಬಿಟ್ಟು ಆ ಮಗ ಮತ್ತೆ ಮನೆಗೆ ಬಂದ. ಅದರ ಮುಂದಿನ ವಾರವೂ ಬಂದ! ಆರು ವಾರದಲ್ಲಿ ಐದು ಸಲ ಆತ ಮನೆ ಬಿಟ್ಟು ಹೋಗಿ ಐದು ಸಲ ಹಿಂತಿರುಗಿದ. ನನ್ನ ಗಂಡ ಮೂಳೆ ಚೀಪುತ್ತ, "ಇವನಿಗೆ ಬುದ್ಧಿ ಬರಬಾರದು ಕಣೆ" ಎಂದು ಪಿಸುಗುಟ್ಟಿದರು. ಅತ್ತೆ ಒಂದು ಸಲವೂ ಪ್ರಶ್ನಿಸಲಿಲ್ಲ. ನನಗೆ ಒಳಗೆ ಚುಚ್ಚುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಸಾರಿನ ವಾಸನೆ ಬಂದ ಕೂಡಲೇ ಚುಚ್ಚುವುದು ನಿಲ್ಲುತ್ತಿತ್ತು.

ಆಪರೇಷನ್ನಿನ ಹಿಂದಿನ ಸಂಜೆ ಅತ್ತೆ ಕೈತೊಳೆದು ಬಂದು ಕುಳಿತರು. ಇವತ್ತು ಪುಸ್ತಕ ನಾನೇ ತೆಗೆಯುತ್ತೇನೆ ಎಂದರು. ಹೆಬ್ಬೆರಳಿನಿಂದ ಹಾಳೆಗಳ ಅಂಚು ಸವರಿದರು. ಎಡಗಡೆಗೆ ಒಂದಿಷ್ಟೇ ಹಾಳೆ ಬಿಟ್ಟು, ಬೇಳೆಗೆ ನೀರು ಅಳೆದಿಡುವವರ ಹಾಗೆ ಪುಸ್ತಕವನ್ನು ನಿಧಾನವಾಗಿ ಬಿಡಿಸಿದರು. ಒಂದು ಹಾಳೆ ಹಿಂದಕ್ಕೆ ತಿರುಗಿಸಿ ನನ್ನ ಮುಂದೆ ಇಟ್ಟರು.

ಓದಲು ಶುರುಮಾಡಿದೆ. ಕಣ್ಣು ಮಬ್ಬಾದ ಮುದುಕ ತಂದೆಯ ಕಥೆ ಅದು. ರುಚಿಯಾದ ಮಾಂಸದ ಅಡುಗೆ ತಂದುಕೊಟ್ಟರೆ ಆಶೀರ್ವಾದ ಮಾಡುತ್ತೇನೆ ಎಂದು ಅವನು ಹಿರಿಮಗನನ್ನು ಬೇಟೆಗೆ ಕಳಿಸುತ್ತಾನೆ. ಆ ಹೊತ್ತಿಗೆ ಕಿರಿಮಗ ಅಣ್ಣನ ಬಟ್ಟೆ ಉಟ್ಟು, ತಾಯಿ ಮಾಡಿಕೊಟ್ಟ ಅಡುಗೆ ಹಿಡಿದು, ನಾನೇ ಹಿರಿಯವನು ಎಂದು ಕುರುಡ ತಂದೆಯ ಮುಂದೆ ನಿಲ್ಲುತ್ತಾನೆ. ಅಲ್ಲಿಗೆ ಬಂದವಳು ಓದು ನಿಲ್ಲಿಸಿದೆ. ಕಣ್ಣು ಕಾಣದ ಹಿರಿಯರಿಗೆ ರುಚಿಯಡುಗೆಯ ಆಸೆಗೆ ಮೋಸ ಮಾಡಿದ ನಾನು ನನ್ನೆದುರಿಗಿನ ಪುಟದಲ್ಲೇ ಕೂತಿದ್ದೆ!

"ಯಾಕ್ ನಿಲ್ಸ್ಬುಟ್ಟೆ?" ಎಂದರು ಅತ್ತೆ.

ನಾನು ಪುಸ್ತಕ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಕಣ್ಣು ಬಿಟ್ಟು ತೆರೆದದ್ದು, ಐದು ಕೋಳಿ, ಎಲ್ಲ.

"ಕಣ್ ಕಾಣ್ದೋಳು ನಾನು, ಕಿವಿ ಕೇಳ್ದೋಳಲ್ಲ," ಎಂದರು ಅತ್ತೆ. "ಮೊದಲ್ನೇ ಸಲ ಕೋಳಿ ಆಸೆ ಅನ್ಕಂಡೆ. ಮೂರನೇ ಸಲ, ಅಪ್ಪ ದೂರದಿಂದ ನೋಡಿ ಓಡ್ಬತ್ತಾನಲ್ಲ, ಆ ಜಾಗದಲ್ಲಿ ನಿನ್ ದನಿ ನಡುಗ್ತು. ಆಮೇಲೆ ಪ್ರತಿ ಸಲ ಅಲ್ಲೇ ನಡುಗ್ತು. ಇದು ಕೋಳಿ ಆಸೆ ಅಲ್ಲ, ಮನೆ ಆಸೆ ಅನ್ಕಂಡೆ. ಅದಕ್ಕೇ ಕೋಳಿ ಕುಯ್ಸಿದ್ದು."

ನನಗೆ ಅದು ಗೊತ್ತಿರಲಿಲ್ಲ. ದೇವರಾಣೆಗೂ ನಾನು ಕೋಳಿಗಾಗಿಯೇ ಓದುತ್ತಿದ್ದೇನೆ ಎಂದುಕೊಂಡಿದ್ದೆ. ಬಾಗಿಲಿಗೆ ಬಂದು ನಿಲ್ಲುತ್ತಿದ್ದ ನನ್ನ ತಾಯಿಯ ನೆನಪಾಯಿತು. ಎರಡು ವರ್ಷದಿಂದ ಬಾರದಿದ್ದ ಅಳು ಆ ಸಂಜೆ ಬಂತು. ಅತ್ತೆ ಕೈಚಾಚಿ, ನನ್ನ ತಲೆ ಎಲ್ಲಿದೆ ಎಂದು ತಡವಿ ಹುಡುಕಿ, ಅದರ ಮೇಲೆ ಕೈಯಿಟ್ಟು ಬಹಳ ಹೊತ್ತು ಏನೋ ಹೇಳಿಕೊಂಡರು. ಏನೆಂದು ನನಗೆ ಕೇಳಿಸಲಿಲ್ಲ.

ಆಪರೇಷನ್ ಆಯಿತು. ಒಂದು ವಾರ ಬಗ್ಗಬಾರದು, ಭಾರ ಎತ್ತಬಾರದು, ಜೋರಾಗಿ ನಡೆಯಲೂ ಬಾರದು, ಒಲೆಯ ಹತ್ತಿರವಂತೂ ಹೋಗಲೇಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು ಅತ್ತೆ ಮೂರು ದಿನ ಜಪಸರ ಹಿಡಿದು ಗೋಡೆಗೊರಗಿ ಕೂತರು. ನಾಲ್ಕನೆಯ ದಿನ ನಾನು ಶಾಲೆಗೆ ಹೋಗಲೇಬೇಕಾಯಿತು. ಗಂಡನಿಗೆ ಅಂದು ವಾರದ ರಜೆ, ನೋಡಿಕೊಳ್ಳುತ್ತೇನೆ ಎಂದಿದ್ದರು.

ಸಂಜೆ ರೈಲಿಳಿದು ನಡೆದು ಬಂದು ನಮ್ಮ ಬೀದಿಗೆ ತಿರುಗಿದೆ. ಬೀದಿಯ ಆ ತುದಿಯಲ್ಲಿ ನಮ್ಮ ಮನೆ, ಅದರ ಹಿಂದೆ ಬೆಟ್ಟ. ಬಾಗಿಲಲ್ಲಿ ಯಾರೋ ನಿಂತು ಹಣೆಗೆ ಕೈ ಅಡ್ಡ ಹಿಡಿದಿದ್ದರು. ಕಪ್ಪು ಕನ್ನಡಕ. ಅತ್ತೆ ಎಂದೂ ಬಾಗಿಲಿಗೆ ಬಂದು ನಿಂತವರಲ್ಲ. ನಾನು ಒಂದು ಕ್ಷಣ ನಿಂತೆ. ಅಷ್ಟು ದೂರದಿಂದಲೇ ಅವರಿಗೆ ನಾನು ಕಂಡೆ! ಸೀರೆಯ ನೆರಿಗೆ ಎತ್ತಿ ಹಿಡಿದು ಅವರು ಓಡಿಬರತೊಡಗಿದರು. ಹಿಂದೆ ನನ್ನ ಗಂಡ, "ಅವ್ವ, ಓಡ್ಬೇಡ, ಡಾಕ್ಟ್ರು ಬೈತಾರೆ" ಎಂದು ಕೂಗುತ್ತ ಓಡಿಬರುತ್ತಿದ್ದರು. ಅವರ ಒಂದು ಕೈಯಲ್ಲಿ ಸೌಟಿತ್ತು. ಅಡುಗೆ ಅವರದೇ, ಅಪ್ಪಣೆ ಮಾತ್ರ ಅತ್ತೆಯದು.

ಅತ್ತೆ ಬಂದು ನನ್ನ ಎರಡೂ ಕೆನ್ನೆ ಹಿಡಿದುಕೊಂಡರು. ಅವರು ಏದುಸಿರು ಬಿಡುತ್ತಿದ್ದರು. ಅವರ ಹೆಗಲಾಚೆ ನಮ್ಮ ಮನೆಯ ತೆರೆದ ಬಾಗಿಲಿನಿಂದ ಕೋಳಿ ಸಾರಿನ ಘಮ ಬರುತ್ತಿತ್ತು.

"ಬಂದ್ಯಾ?" ಎಂದರು.

ಬಂದೆ ಎಂದೆ.