ನಮ್ಮ ನಳದಲ್ಲಿ ಕರೆಂಟು

ಮನುಷ್ಯ ಎಂಥದಕ್ಕೂ ಹೊಂದಿಕೊಳ್ಳುತ್ತಾನೆ ಎಂಬುದು ನನಗೆ ಗೊತ್ತಾದದ್ದು ನಮ್ಮ ಬಚ್ಚಲುಮನೆಯಲ್ಲಿ. ನಳ ಮುಟ್ಟಿದರೆ ಝುಮ್ಮೆಂದು ಕರೆಂಟು ಹೊಡೆಯತೊಡಗಿದಾಗ ಮೊದಲ ದಿನ ಚೀರಿದೆ, ಮರುದಿನ ಬೈದೆ, ವಾರ ಕಳೆಯುವಷ್ಟರಲ್ಲಿ ಪಳಗಿಬಿಟ್ಟೆ. ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಒಣ ಟವೆಲ್ಲನ್ನು ಕೈಗೆ ಸುತ್ತಿಕೊಂಡು, ಹಾವಾಡಿಗ ಬುಟ್ಟಿಯ ಮುಚ್ಚಳ ತೆಗೆಯುವಷ್ಟು ನಾಜೂಕಾಗಿ ನಳ ತಿರುಗಿಸುವುದನ್ನು ಕಲಿತೆ. ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವ ಮೊದಲು ಒಂದು ಟವೆಲ್ಲನ್ನೂ ಕೊಟ್ಟು, "ನಳಕ್ಕ ಬರೀ ಕೈ ಹಚ್ಚಬ್ಯಾಡ್ರಿ" ಎಂದು ಹೇಳುವುದು ನಮ್ಮ ಮನೆಯ ಉಪಚಾರವೇ ಆಗಿಹೋಯಿತು.

ಇದರಲ್ಲಿ ನಗೆಪಾಟಲಿನ ಸಂಗತಿಯೆಂದರೆ ನನ್ನ ಉದ್ಯೋಗ. ನಾನು ಜೀವವಿಮೆಯ ಏಜೆಂಟ. ಸಿಂಧನೂರಿನಿಂದ ಈ ಕಡೆ ಸಾಲಗುಂದ, ಆ ಕಡೆ ಮಸ್ಕಿಯವರೆಗೂ ಬೈಕಿನಲ್ಲಿ ತಿರುಗಿ, "ನಾಳೆ ಹೆಂಗೋ ಏನೋ, ಇವತ್ತೇ ವ್ಯವಸ್ಥಾ ಮಾಡಿಡ್ರಿ" ಎಂದು ಜನರಿಗೆ ಹೇಳುವುದೇ ನನ್ನ ಅನ್ನ. ಮುಂಜಾಗ್ರತೆಯ ಬಗ್ಗೆ ನಾನು ಮಾತು ಶುರು ಮಾಡಿದರೆ ಭತ್ತ ಹೇರಿಕೊಂಡು ಹೊರಟವನೂ ಟ್ರ್ಯಾಕ್ಟರ್ ನಿಲ್ಲಿಸುತ್ತಾನೆ. ಹೆಚ್ಚಾಗಿ ನನ್ನ ಬೈಕು ಅಡ್ಡ ನಿಂತಿರುತ್ತದೆ ಎಂಬುದು ಬೇರೆ ಮಾತು. ಹೆಂಡತಿ ಬಸಮ್ಮ ಮಾತ್ರ ಬಿಡುತ್ತಿರಲಿಲ್ಲ. "ಊರ ಮಂದಿ ಜೀವಕ್ಕ ದಾರಿ ತೋರ್ಸಾಕ ಹೊಂಟೀರಿ, ಮನ್ಯಾಗ ನಮ್ಮನ್ನ ನಳದ ಕೈಯಾಗ ಕೊಟ್ಟೀರಿ" ಎನ್ನುತ್ತಿದ್ದಳು.

ನಾನೇನೂ ಕೈಕಟ್ಟಿ ಕೂತಿರಲಿಲ್ಲ. ಮಸ್ಕಿಯಲ್ಲಿರುವ ನನ್ನ ಷಡ್ಡಕ, "ಅರ್ಥಿಂಗ್ ಒಣಗಿರತೈತಿ, ಉಪ್ಪು ಹಾಕಿ ನೀರು ಹೊಡೀರಿ" ಎಂದು ಫೋನಿನಲ್ಲೇ ಮದ್ದು ಹೇಳಿದ. ಅರ್ಥಿಂಗಿನ ಗುಂಡಿಗೆ ಒಂದು ಚೀಲ ಉಪ್ಪು ಸುರಿದು ಕೊಡಗಟ್ಟಲೆ ನೀರು ಹೊಯ್ದೆ. ಕರೆಂಟು ಇದ್ದಂತೆಯೇ ಇತ್ತು, ಪಕ್ಕದಲ್ಲಿದ್ದ ಕರಿಬೇವಿನ ಗಿಡ ಒಣಗಿತು. ಆ ಮೇಲೆ ನಾನು ಮತ್ತೆ ಟವೆಲ್ಲಿಗೆ ಶರಣಾದೆ.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ, ಅಷ್ಟರಲ್ಲಿ ಲಿಂಗಸುಗೂರಿನ ಬೀಗತಿ ಬಂದರು. ನಮ್ಮ ಒಬ್ಬಳೇ ಮಗಳು ಶಿವಲೀಲಾಳನ್ನು ಕೊಟ್ಟದ್ದು ಅವರ ಮನೆಗೆ. ಆಕೆಗೆ ಚೊಚ್ಚಲ ಬಸಿರು, ಸೀಮಂತದ ಕುಬಸವೂ ಆಗಿತ್ತು. ಬಾಣಂತನಕ್ಕೆ ತವರಿಗೆ ಕಳಿಸುವ ದಿನ ಗೊತ್ತು ಮಾಡಲೆಂದು ಅತ್ತೆ ತಾವೇ ಬಸ್ಸು ಹತ್ತಿ ಬಂದಿದ್ದರು. ಆ ಸಂಭ್ರಮದಲ್ಲಿ ನಾವು ಟವೆಲ್ ಕೊಡುವುದನ್ನು ಮರೆತೆವು. ಬಚ್ಚಲಿನಿಂದ "ಯವ್ವಾ!" ಎಂಬ ಕೂಗು ಬಂತು. ಬೀಗತಿ ಕೈ ಕೊಡವುತ್ತ ಹೊರಗೆ ಬಂದು, ಚಹಾವನ್ನೂ ಮುಟ್ಟದೆ, "ಬೀಗರ, ನಿಮ್ಮ ನಳ ನೆಟ್ಟಗ ಆಗೋತನಕ ನಾ ಸೊಸೀನ್ನ ಕಳ್ಸಂಗಿಲ್ಲ. ದಿನಾ ಹಂಡೆಗಟ್ಟಲೆ ನೀರು ಹಾಕ್ಬೇಕು ಬಾಣಂತಿಗೆ. ಇಂಥಾ ಬಚ್ಚಲದಾಗ ಹೆಂಗ್ ಕುಂದರಸ್ತೀರಿ? ಬಾಣಂತನ ನಮ್ಮಲ್ಲೇ ಆಗ್ಲಿ" ಎಂದರು.

ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಬಸಮ್ಮ ಆಗಲೇ ಬಾಣಂತಿಗೆ ಕೊಡುವ ಅಂಟಿನುಂಡಿಗೆ ಕೊಬ್ಬರಿ ತರಿಸಿಟ್ಟಿದ್ದಳು. ಮಗಳು ಫೋನಿನಲ್ಲಿ, "ಅಪ್ಪಾ, ಒಂದು ನಳ ರಿಪೇರಿ ಮಾಡ್ಸಾಕ ಆಗವಲ್ದೇನು ನಿನಗ?" ಎಂದು ಅತ್ತುಬಿಟ್ಟಳು. ಯಾವ ಕರೆಂಟೂ ನನ್ನನ್ನು ಅಷ್ಟು ಜೋರಾಗಿ ಹೊಡೆದಿರಲಿಲ್ಲ.

ಮರುದಿನವೇ ಎಲೆಕ್ಟ್ರಿಷಿಯನ್ ಅಮರೇಶನನ್ನು ಹಿಡಿದು ತಂದೆ. ಅವನು ಟೆಸ್ಟರನ್ನು ನಳಕ್ಕೆ ಹಿಡಿದ, ದೀಪ ಕೆಂಪಗೆ ಹತ್ತಿತು. ಗೀಜರ್ ಬಂದ್ ಮಾಡಿದ, ಹತ್ತಿತು. ಮೋಟರ್ ಬಂದ್ ಮಾಡಿದ, ಹತ್ತಿತು. ಕೊನೆಗೆ ಮನೆಯ ಮೇನ್ ಸ್ವಿಚ್ಚನ್ನೇ ಕೆಳಗೆಳೆದ. ಫ್ಯಾನು ನಿಂತಿತು, ಫ್ರಿಜ್ಜು ಸುಮ್ಮನಾಯಿತು, ಟೆಸ್ಟರ್ ಮಾತ್ರ ಉರಿಯುತ್ತಲೇ ಇತ್ತು.

"ಸರ್, ಮೇನ್ ತೆಗದ್ರೂ ಬರ್ತೈತಂದ್ರ ಇದು ನಿಮ್ಮ ಮನೀ ಕರೆಂಟ್ ಅಲ್ರಿ" ಎಂದ.

ನಮ್ಮದಲ್ಲ ಎಂದು ಒಂದು ಕ್ಷಣ ಹೆಮ್ಮೆಯಾಯಿತು. ಹಾಗಾದರೆ ಯಾರದು? ಇಬ್ಬರೂ ಒಟ್ಟಿಗೆ ಪಕ್ಕದ ಗೋಡೆಯತ್ತ ನೋಡಿದೆವು. ಗೋಡೆಯಾಚೆ ಟೈರಿನ ಅಂಗಡಿಯ ಹುಸೇನಸಾಬರ ಮನೆ. ಎರಡೂ ಮನೆಗೆ ಒಂದೇ ಬೋರ್‌ವೆಲ್. ಅದರ ಕಬ್ಬಿಣದ ಪೈಪು ಎರಡು ಮನೆಗಳ ನಡುವೆ ಮೇಲಕ್ಕೆ ಹತ್ತಿ ಎರಡೂ ನೀರಿನ ಟಾಕಿಗಳಿಗೆ ಕವಲೊಡೆಯುತ್ತದೆ. ಇಷ್ಟು ವರ್ಷಗಳಲ್ಲಿ ಆ ನೀರಿಗಾಗಿ ಒಂದು ಮಾತೂ ಹೆಚ್ಚುಕಮ್ಮಿ ಆದದ್ದಿಲ್ಲ. ಅಂಥವರಿಗೆ ಹೋಗಿ, ನಿಮ್ಮ ಕರೆಂಟು ನಮ್ಮನ್ನು ಹೊಡೆಯುತ್ತಿದೆ ಎನ್ನುವುದು ಹೇಗೆ? ಹೋದೆ. ಚಹಾ ಕುಡಿದೆ. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂದು ಕೇಳಿ ಮರಳಿ ಬಂದೆ. ಸಂಜೆ ಮತ್ತೆ ಹೋದೆ, ಆಗ ಮಿರ್ಚಿ ಭಜಿ ಕೊಟ್ಟರು. ಅದನ್ನು ತಿಂದ ಮೇಲಂತೂ ಬಾಯಿ ಬರಲಿಲ್ಲ. 'ನಾಳೆ ನೀವು ತೀರಿಹೋದರೆ' ಎಂದು ಯಾರ ಮುಂದೆ ಬೇಕಾದರೂ ಎಗ್ಗಿಲ್ಲದೆ ಕೇಳುವ ನಾಲಿಗೆ ನನ್ನದು, ಅಂಥದ್ದು ಮಿರ್ಚಿಯ ಎದುರು ಸೋತಿತು.

ಬಸಮ್ಮನಿಗೆ ತಾಳ್ಮೆ ಮುಗಿಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು, ಗೋಡೆಯಾಚೆ ಹುಸೇನಸಾಬರ ಹೆಂಡತಿಯನ್ನು ಕರೆದು, "ಬಾನುಬೀ, ನಮ್ಮ ನಳದಾಗ ಕರೆಂಟ್ ಬರಾಕತ್ತೈತಿ. ನಿಮ್ಮ ಮನೀದಿರಬೇಕು, ಒಂಚೂರು ನೋಡ್ರಿ" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಆ ಕಡೆಯಿಂದ, "ಅಯ್ಯ ಅಕ್ಕಾ, ನಮ್ಮ ನಳದಾಗೂ ಬರ್ತೈತಿ! ಅದು ನಿಮ್ಮ ಮನೀದಂತ ನಾವು ಸುಮ್ಮಕಿದ್ದೀವಿ. ಹೇಳಿದ್ರ ನಿಮಗ ಬ್ಯಾಸರಾದೀತಂತ ಇವರು ನನ್ನ ಬಾಯಿ ಮುಚ್ಚಿಸ್ಯಾರ" ಎಂಬ ಉತ್ತರ ಬಂತು. ಹುಸೇನಸಾಬರು ಗದ್ದೆಗೆ ಹಾಕಿಕೊಳ್ಳುವ ಗಮ್‌ಬೂಟು ಮೆಟ್ಟಿಕೊಂಡು ಸ್ನಾನ ಮಾಡುತ್ತಿದ್ದರಂತೆ, ನಮ್ಮ ಮರ್ಯಾದೆ ಉಳಿಸಲಿಕ್ಕೆ!

ಎರಡೂ ಮನೆಯವರು ಅಂಗಳದಲ್ಲಿ ಸೇರಿದೆವು. ಅಮರೇಶ ಎರಡೂ ಮನೆಯ ಮೇನ್ ಬಂದ್ ಮಾಡಿಸಿ ಟೆಸ್ಟರ್ ಹಿಡಿದ. ಮತ್ತೆ ಕೆಂಪು ದೀಪ. ಅವನೂ ಬೆವರಿ, "ಗೋಡಿ ಒಡದು ನೋಡಬೇಕಾಗ್ತೈತ್ರಿ ಇನ್ನ" ಎಂದ. ಬಸಮ್ಮನ ಮುಖ ಇಳಿಯಿತು. ಗೋಡೆ ಒಡೆದು ಕಟ್ಟುವಷ್ಟರಲ್ಲಿ ಲಿಂಗಸುಗೂರಿನಲ್ಲಿ ತೊಟ್ಟಿಲು ಕಟ್ಟಿರುತ್ತಾರೆ. ಆಗ ಹುಸೇನಸಾಬರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಹೇಳಲೇ ಎಂದು ಅವರ ಕಣ್ಣು ಕೇಳಿತು, ಬೇಡ ಎಂದು ನನ್ನ ಕಣ್ಣು ಬೇಡಿಕೊಂಡಿತು. ಆದರೂ ಇಬ್ಬರ ಕತ್ತೂ ತಾವಾಗಿಯೇ ಮಾಳಿಗೆಯ ಕಡೆ ತಿರುಗಿದವು. ಅಮರೇಶನೂ ಮೇಲೆ ನೋಡಿದ.

ಮಾಳಿಗೆಯ ಮೇಲೆ ಒಂದು ತಂತಿ ಇತ್ತು. ಮಗಳು ಬಸುರಿ ಎಂಬ ಸುದ್ದಿ ಬಂದ ದಿನವೇ ನಾನು ಬಜಾರಿಗೆ ಹೋಗಿ ಪ್ಲಾಸ್ಟಿಕ್ ಸುತ್ತಿದ ತಂತಿ ತಂದು, ಹುಸೇನಸಾಬರಿಂದ ಇನ್ನೊಂದು ತುದಿ ಹಿಡಿಸಿ ಕಟ್ಟಿದ್ದೆ. ಕೂಸಿನ ಬಟ್ಟೆ ಒಣಗಿಸಲಿಕ್ಕೆ! ಬಸಮ್ಮನಿಗೆ ಹೇಳಿರಲಿಲ್ಲ. ಹುಟ್ಟದ ಕೂಸಿಗೆ ಏನನ್ನೂ ತರಬಾರದು ಎಂಬುದು ಅವಳ ಕಟ್ಟಪ್ಪಣೆ, ತಂದರೆ 'ಕೂಸು ಹುಟ್ಟೂಕಿಂತ ಮೊದ್ಲ ಕುಲಾವಿ ಹೊಲಿಸಿದ್ರಂತ' ಎಂದು ಊರಿಗೆಲ್ಲ ಕೇಳುವಂತೆ ಅನ್ನುತ್ತಾಳೆ. ಮೊಣಕಾಲು ನೋವಿನಿಂದ ಅವಳು ಮಾಳಿಗೆ ಹತ್ತುವುದಿಲ್ಲ ಎಂಬ ಧೈರ್ಯ ನನಗೆ. ತಂತಿಯ ಒಂದು ತುದಿಯನ್ನು ಕಂಬದಿಂದ ಬರುವ ವೈರನ್ನು ಹಿಡಿದಿರುವ ಕಬ್ಬಿಣದ ಪೈಪಿಗೂ, ಇನ್ನೊಂದನ್ನು ಬೋರ್‌ವೆಲ್ಲಿನ ಪೈಪಿಗೂ, ತುದಿಯ ಪ್ಲಾಸ್ಟಿಕ್ ಸುಲಿದು ಬಿಗಿದಿದ್ದೆವು. ಗಾಳಿಗೆ ಅಲುಗಾಡಿ ಅಲುಗಾಡಿ ಕಂಬದ ವೈರಿನ ಸಿಪ್ಪೆ ಸವೆದು, ಕರೆಂಟು ನನ್ನ ತಂತಿ ಹಿಡಿದು ನೀರಿನ ಪೈಪಿಗೆ ಇಳಿದಿತ್ತು. ಮೇನ್ ಸ್ವಿಚ್ಚಿಗಿಂತ ಮೊದಲೇ ದಾರಿ ಬದಲಿಸಿದ ಕರೆಂಟಿಗೆ ಮೇನಿನ ಹಂಗೇಕೆ? ನೆಲದೊಳಗೆ ಇಳಿದ ಭಾಗ ಮಾತ್ರ ಪ್ಲಾಸ್ಟಿಕ್ ಪೈಪು, ಹಾಗಾಗಿ ಕರೆಂಟಿಗೆ ನೆಲ ಸೇರಲು ಉಳಿದ ದಾರಿ ನಮ್ಮ ಕೈಗಳೇ.

ಲೈನ್‌ಮ್ಯಾನನ್ನು ಕರೆಸಿ ಕಂಬದಲ್ಲೇ ಕರೆಂಟು ತೆಗೆಸಿದೆವು. ಅಮರೇಶ ತಂತಿ ಕತ್ತರಿಸಿ, ಹೊಸ ವೈರು ಎಳೆದ. ಕರೆಂಟು ಮರಳಿದ ಮೇಲೆ ಟೆಸ್ಟರ್ ಹಿಡಿದರೆ ದೀಪ ಹತ್ತಲಿಲ್ಲ. "ಇದನ್ನ ಯಾರು ಕಟ್ಟಿದ್ದು?" ಎಂದು ಬಸಮ್ಮ ಕೇಳಿದಳು. ಹುಸೇನಸಾಬರಿಗೆ ತಟ್ಟನೆ ಅಂಗಡಿ ನೆನಪಾಯಿತು. ನಾನು ಎಲ್ಲ ಹೇಳಿದೆ. ಅವಳು ಕುಲಾವಿಯ ಗಾದೆಯನ್ನೂ ಅನ್ನದೆ ಬಚ್ಚಲು ತೊಳೆಯಲು ಹೋದಳು. ಆ ಬಚ್ಚಲಲ್ಲಿ ಬರಿಗಾಲಲ್ಲಿ ನಿಲ್ಲಬೇಕಿದ್ದ ಮಗಳನ್ನು ನೆನೆದು, ಇನ್ನೊಮ್ಮೆ ಟೆಸ್ಟರ್ ಹಿಡಿಯಲು ಅಮರೇಶನಿಗೆ ಹೇಳಿದೆ.

ಎರಡು ದಿನ ಬಿಟ್ಟು ಬೀಗತಿ ಸೊಸೆಯನ್ನು ಕರೆದುಕೊಂಡು ಬಂದರು. ಆಕೆಯನ್ನು ಪಡಸಾಲೆಯಲ್ಲಿ ಕೂರಿಸಿ, ತಾವೇ ಬಚ್ಚಲಿಗೆ ಹೋಗಿ ಎಲ್ಲ ನಳಗಳನ್ನು ಬರಿಗೈಲಿ ಮುಟ್ಟಿ ನೋಡಿದರು. ಸಾಲದೆಂದು ಬಾನುಬೀಯ ಮನೆಗೂ ಹೋಗಿ ಅಲ್ಲಿಯ ನಳ ಮುಟ್ಟಿ, ಚಹಾ ಕುಡಿದು ಬಂದು, "ಇರ್ಲಿ ಬಿಡ್ರಿ ಬೀಗರ, ನಿಮ್ಮ ಮಗಳು ನಿಮ್ಮಲ್ಲೇ ಇರ್ಲಿ" ಎಂದು ನಕ್ಕರು.

ಆ ಸಂಜೆ ಬಚ್ಚಲಲ್ಲಿ ಮಗಳು ಹಾಡಿಕೊಳ್ಳುತ್ತ ನೀರು ಹೊಯ್ದುಕೊಳ್ಳುತ್ತಿದ್ದಳು. ಬಸಮ್ಮ ನನ್ನ ಹತ್ತಿರ ಬಂದು, "ಆ ತಂತಿ ಎಷ್ಟು ಮೊಳ ಇತ್ತು?" ಎಂದಳು. ಗಾದೆ ಈಗ ಬಂತು ಎಂದುಕೊಂಡು, "ಹತ್ತು ಹದಿನೈದು ಇದ್ದೀತು" ಎಂದು ಮೆಲ್ಲಗೆ ಹೇಳಿದೆ.

"ಈ ಸಲ ನೂಲಿನ ಹಗ್ಗ ತರ್ರಿ, ಉದ್ದಂದು ತರ್ರಿ" ಎಂದು ಟ್ರಂಕಿನ ಮುಚ್ಚಳ ಎತ್ತಿದಳು. ಒಳಗೆ ಅವಳ ಹಳೆಯ ಮೆತ್ತನೆಯ ಸೀರೆಗಳೆಲ್ಲ ಕೂಸಿನ ಅಳತೆಗೆ ಹರಿದು, ಮಡಚಿ, ಅಂಚಿನವರೆಗೆ ತುಂಬಿದ್ದವು. "ನಿಮ್ಮ ತಂತಿಮ್ಯಾಲ ಇದರಾಗಿಂದು ಅರ್ಧಾನೂ ಹಿಡೀತಿದ್ದಿಲ್ಲ."

ನಾನು ಕುಣಿಯುತ್ತ ಬಜಾರಿಗೆ ಹೋದೆ. ಎಷ್ಟು ಮೊಳ ಬೇಕೆಂದು ಹಗ್ಗದಂಗಡಿಯವನು ಕೇಳಿದಾಗಲೇ ತಿಳಿದದ್ದು, ಅದೊಂದನ್ನು ಕೇಳಿಕೊಂಡು ಬರುವ ಮುಂಜಾಗ್ರತೆ ನನಗೆ ಹೊಳೆದೇ ಇರಲಿಲ್ಲ ಎಂದು.